ಹರಿಗೋಲಿನಲ್ಲಿ ಆಡಬಾರದ ಮಾತು

ನನಗೆ ನೀರೆಂದರೆ ಭಯ. ಗದಗ-ಬೆಟಗೇರಿಯಲ್ಲಿ ಹುಟ್ಟಿ ಬೆಳೆದವನಿಗೆ ಇದರಿಂದ ದೊಡ್ಡ ತೊಂದರೆಯೇನಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಎಂಬ ಭಯವೇ ನಮಗೆ ಸಾಕಷ್ಟಿದೆ. ಲಕ್ಕುಂಡಿಯ ಬಾವಿ ನೋಡಲು ಹೋದಾಗಲೂ ನಾನು ಮೇಲಿನ ಮೆಟ್ಟಿಲಲ್ಲೇ ನಿಂತು ಶಿಲ್ಪಕಲೆಯ ಬಗ್ಗೆ ಮಾತಾಡುತ್ತೇನೆ.

ಇಂಥವನ ಅಕ್ಕನನ್ನು ಹೊಳೆದಂಡೆಯ ಹಮ್ಮಿಗಿಗೆ ಕೊಟ್ಟಿದ್ದಾರೆ. ಭಾವನ ಹೊಲ ತುಂಗಭದ್ರೆಯ ಆಚೆ. ಅಕ್ಕ ಅಲ್ಲಿಗೆ ದಿನಾ ಹೋಗಿಬರುವುದು ಭಾವನ ತಂದೆಯ ಕಾಲದ ಹರಿಗೋಲಿನಲ್ಲಿ. ಆಗ ಅದಕ್ಕೆ ಚರ್ಮದ ಹೊದಿಕೆ ಇತ್ತಂತೆ. ಈಗ ತಾಡಪತ್ರಿ, ಮೇಲೆ ಡಾಂಬರು. ಮುರಿದ ಬಿದಿರನ್ನು ವರ್ಷವರ್ಷವೂ ಬದಲಿಸಿ, ಮೂಲದ ಹರಿಗೋಲಿನಲ್ಲಿ ಉಳಿದಿರುವುದು ಅದರ ದುಂಡು ಒಂದೇ ಎಂದು ನನ್ನ ಗುಮಾನಿ.

"ಇದನ್ನ ಬಿಟ್ಟಬಿಡ್ರಿ ಭಾವ" ಎನ್ನಲೆಂದೇ ಈ ಬೇಸಿಗೆಯಲ್ಲಿ ಹೋದೆ.

"ಸುತ್ತಹಾಕಿ ಸೇತುವಿ ಮ್ಯಾಲೆ ಹೋದ್ರ ಹೊಲಾ ಮಾಡೂದು ಯಾವಾಗೋ?" ಎಂದು ಭಾವ ನನ್ನ ಕೈಗೆ ಡಾಂಬರಿನ ಡಬ್ಬಿ ಕೊಟ್ಟರು. ನಾನು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಳಿಯುವುದನ್ನು ನೋಡಿ, "ಸಾಕಲೇ, ಹೋಳಿಗಿಗೆ ತುಪ್ಪ ಹಚ್ಚಿದಂಗ ಹಚ್ಚಾಕತ್ತಿಯಲ್ಲ" ಎಂದರು. ಅದು ಅಕ್ಕ ಕೂರುವ ಜಾಗ ಎಂದು ನಾನು ಹೇಳಲಿಲ್ಲ.

ಡಾಂಬರು ಒಣಗಿದ ಮೇಲೆ, "ಕೈ ಹಚ್ಚಿದವ್ರು ಮೊದ್ಲ ಕುಂಡ್ರಬೇಕು" ಎಂದು ಅಕ್ಕನ ಜೊತೆ ನನ್ನನ್ನೂ ಹತ್ತಿಸಿದರು. ನಡುಹೊಳೆಯಲ್ಲಿ ಹರಿಗೋಲು ಗರಗರ ತಿರುಗಿತು. ಅಂಚು ಹಿಡಿದು ಕಣ್ಣು ಮುಚ್ಚಿದೆ. ಬೆನ್ನ ಹಿಂದಿನಿಂದ ಅಕ್ಕನ ದನಿ ಬಂತು: "ಅಯ್ಯ, ಇದು ತುಂಬೈತಲ್ಲ!"

"ಭಾವಾ, ತಿರುಗಸ್ರಿ! ನೀರು ಹೊಕ್ಕೈತಿ!" ಎಂದು ಎದ್ದೇ ನಿಂತೆ. ಹರಿಗೋಲು ವಾಲಿತು. ಭಾವ ಹೆಗಲು ಒತ್ತಿ ಕೂರಿಸಿದರು. ತಿರುಗಿ ನೋಡಿದರೆ ಅಕ್ಕನ ಕೈಯಲ್ಲಿ ಕುಂಕುಮದ ಭರಣಿ. ಹೊಳೆಯ ಗಂಗವ್ವನ ಪೂಜೆಗೆಂದು ತಂದದ್ದು, ಒಳಗೆ ಏನೂ ಇರಲಿಲ್ಲ.

ನಮ್ಮ ಹೆಂಗಸರು ಕುಂಕುಮವಾಗಲಿ ಜೋಳವಾಗಲಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ತುಂಬಿದೆ ಎನ್ನುತ್ತಾರೆ. ಇಲ್ಲ ಎಂಬ ಮಾತು ಬಾಯಿಂದ ಬಂದರೆ ಮನೆಯೇ ಬರಿದಾದೀತೆಂಬ ಅಂಜಿಕೆ. ಅಡುಗೆಮನೆಯಲ್ಲಿ ಇದು ಸರಿ. ನೀರಿನ ಮೇಲೆ ಮಾತ್ರ ಈ ಪದವನ್ನು ನಿಷೇಧಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಭಾವ ನಕ್ಕೂ ನಕ್ಕೂ ಹುಟ್ಟು ಹಾಕುವುದನ್ನೇ ಮರೆತರು. "ಏನಪಾ, ಧೈರ್ಯ ಐತಿಲ್ಲೋ?"

"ತುಂಬೈತ್ರಿ" ಎಂದೆ.

"ಹಂಗಿರಬೇಕು ನೋಡ!" ಎಂದರು ಭಾವ. ಅವರಿಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು. ಹಿಂದಿನಿಂದ ನನ್ನ ಕೈ ಹಿಡಿದುಕೊಂಡಳು. ದಿನಾ ಹೊಳೆ ದಾಟುವವಳ ಅಂಗೈ ನನ್ನದಕ್ಕಿಂತ ತಣ್ಣಗಿತ್ತು.

"ನಂದೂ ದಿನಾ ತುಂಬಿರತೈತೋ ತಮ್ಮಾ" ಎಂದಳು, ಭಾವನಿಗೆ ಕೇಳದ ಹಾಗೆ.

ದಂಡೆ ಮುಟ್ಟಿದ ಮೇಲೆ ನಾನು ಭಾವನನ್ನು ಕೇಳಿದ್ದು ಒಂದೇ ಮಾತು: "ಡಾಂಬರ ಇನ್ನೂ ಉಳದೈತೇನ್ರಿ?"