ಮಗಳಿಗೇನು ಸಂಬಳ

ಆ ದಿನವೂ ಬೆಳಗ್ಗೆ ಎದ್ದು ಮೊದಲು ಮಾಡಿದ್ದು ರಾತ್ರಿಯ ಅನ್ನಕ್ಕೆ ಬೆಳ್ಳುಳ್ಳಿ ಹಾಕಿ ಹುರಿದದ್ದು. ಆಮೇಲೆ ರೊಟ್ಟಿಗೆ ಹಂಚು ಇಟ್ಟೆ. ರೊಟ್ಟಿ ನಮಗೆ, ಅನ್ನ ಕೂಸಿಗೆ.

ಕೂಸು ನನ್ನ ತಂಗಿಯ ಮಗಳು, ನಾಲ್ಕು ವರ್ಷದವಳು. ದುಬೈಯಲ್ಲಿ ತಂಗಿ ತೀರಿಕೊಂಡ ಮೇಲೆ ಅವಳ ಗಂಡ ಮಗುವನ್ನು ಗಂಗಾವತಿಗೆ ತಂದು ನನ್ನ ಮಡಿಲಿಗೆ ಹಾಕಿ ನೌಕರಿಗೆ ಮರಳಿದ್ದ. ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಿದವಳು ಅಲ್ಲಿ ಮನೆಗೆಲಸಕ್ಕಿದ್ದ ಫಿಲಿಪೀನ್ಸಿನ ಹೆಂಗಸು. ಮಗು ಅವಳನ್ನು ‘ಆತೆ’ ಎನ್ನುತ್ತಿತ್ತು. ಅವರಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಾರಂತೆ. ಆ ಮನೆ ಮುಚ್ಚಿದ ಮೇಲೆ ಅವಳೂ ತನ್ನ ದೇಶಕ್ಕೆ ಹೋಗಿದ್ದಳು. ಬೆಳ್ಳುಳ್ಳಿ ಅನ್ನವನ್ನು ಫೋನಿನಲ್ಲಿ ನನಗೆ ಕಲಿಸಿದವಳೂ ಅವಳೇ. ಆದರೆ ನನ್ನ ಕೈಯ ತುತ್ತನ್ನು ಮಗು ದವಡೆಯಲ್ಲಿ ಇಟ್ಟುಕೊಂಡು ಕಿಟಕಿ ನೋಡುತ್ತಾ ಕೂಡುತ್ತಿತ್ತು. ತೋಳು ಕಡ್ಡಿಯಾಗಿದ್ದವು. ಡಾಕ್ಟರು, “ಔಷಧ ಏನೂ ಬ್ಯಾಡ್ರಿ, ಸಾಕಿದಾಕಿನ್ನ ಕರಸ್ರಿ” ಎಂದಿದ್ದರು.

“ಕೆಲಸದವರನ್ನ ಕಳಸೋ ಯಾವುದಾರ ಏಜೆನ್ಸಿ ಕೇಳೋಣೇನ್ರಿ?” ಎಂದರೆ ನಮ್ಮ ಯಜಮಾನರು ನಕ್ಕರು. ಅವರದು ಮಾರುಕಟ್ಟೆಯಲ್ಲಿ ಭತ್ತದ ದಲಾಲಿ ಅಂಗಡಿ. “ನಾನ ದಲಾಲಿ. ನಡುವ ನಿಂತಾಂವ ಎಷ್ಟು ತಿಂತಾನ ನನಗ ಗೊತ್ತಿಲ್ಲೇನು? ನಮ್ಮಾಕಿನ್ನ ನಾವ ಕರಸೋಣ.” ಸಂಬಳದ ಮಾತು ಅವಳೊಂದಿಗೆ ನಾನೇ ಆಡಿ ಮುಗಿಸಿದೆ. ಸದ್ಯಕ್ಕೆ ಅತಿಥಿಯಾಗಿ ಬರಲಿ, ಮುಂದಿನದು ಮುಂದೆ ಎಂದು ಪ್ರವಾಸಿ ವೀಸಾ ಮಾಡಿಸಿದೆವು.

ಅಂದು ಅವಳು ವಿಮಾನ ಹತ್ತುವ ದಿನ. ಅತ್ತೆಯವರು ಬೆಳಗ್ಗೆಯೇ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಹಸಿರು ಖಣ ಜೋಡಿಸುತ್ತಿದ್ದರು. “ಮೊದಲನೇ ಸಲ ಬರೋ ಮಗಳು. ಉಡಿ ತುಂಬಿ ಒಳಗ ಕರಕೋಬೇಕು.”

ಯಜಮಾನರ ಫೋನು ರಿಂಗಾಯಿತು. ಮನಿಲಾ ವಿಮಾನ ನಿಲ್ದಾಣದಿಂದ ಅಧಿಕಾರಿಯೊಬ್ಬಳು. ಆತೆಯನ್ನು ಲೈನಿನಿಂದ ಬದಿಗೆ ನಿಲ್ಲಿಸಿದ್ದರು. ಅಡುಗೆ ಮಾಡುತ್ತಾಳೆಯೇ, ಮಗು ನೋಡಿಕೊಳ್ಳುತ್ತಾಳೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಯೆಸ್ ಯೆಸ್, ಎವ್ರಿಥಿಂಗ್!”

ಸಂಬಳವೆಷ್ಟು?

ಅವರ ಮುಖವೇ ಕೆಂಪಾಯಿತು. ಕೂಸನ್ನು ಸಾಕಿಕೊಟ್ಟವಳನ್ನು ಪರರ ಮುಂದೆ ಆಳು ಎನ್ನುವುದು ನಮ್ಮ ಕಡೆ ನಾಲಿಗೆಗೆ ಬರುವ ಮಾತಲ್ಲ. “ಸ್ಯಾಲರಿ? ನೋ ನೋ ಮೇಡಂ! ಶಿ ಈಸ್ ಅವರ್ ಡಾಟರ್. ಡಾಟರ್‌ಗೆ ಯಾರಾರ ಸ್ಯಾಲರಿ ಕೊಡ್ತಾರೇನ್ರಿ?”

ಹಿಟ್ಟಿನ ಕೈಯಲ್ಲೇ ಓಡಿದೆ. ಅಷ್ಟರಲ್ಲಿ ಅತ್ತಲಿಂದ ಫೋನು ಇಟ್ಟಾಗಿತ್ತು. ಹೇಗೆ ಹೇಳಿದೆ ನೋಡು ಎಂಬಂತೆ ಅವರು ನನ್ನತ್ತ ತಿರುಗಿ ನಗುತ್ತಿದ್ದರು.

ಮಧ್ಯಾಹ್ನ ಆತೆಯದೇ ಕರೆ ಬಂತು. ಮೊದಲು ಬರೀ ಅಳು. ಅಧಿಕಾರಿಗಳು ಕೇಳಿ ಕೇಳಿ ಸಾಕುಮಾಡಿದಾಗ, ಕೆಲಸಕ್ಕೆ ಹೋಗುತ್ತಿದ್ದೇನೆ, ಸಂಬಳವಿದೆ ಎಂದು ಅವಳು ನಿಜ ಹೇಳಿದ್ದಳು. ಸಂಬಳವಿಲ್ಲವೆಂದು ನಮ್ಮ ಯಜಮಾನರು ಹೇಳಿದ್ದರು. ಸಂಬಳವಿಲ್ಲದೆ ದುಡಿಸುವ ಮನೆಗೆ ಕಳಿಸುವುದಿಲ್ಲ ಎಂದರಂತೆ. ಕೆಲಸಕ್ಕಾದರೆ ಅದಕ್ಕೆ ಬೇರೆಯೇ ಕಾಗದ ಬೇಕು, ಏಜೆನ್ಸಿಯಿಲ್ಲದೆ ಅದು ಸಿಗುವುದು ಕಷ್ಟವಂತೆ. “ಸರ್‌ಗೆ ಏನೂ ಅನ್ನಬೇಡಿ ಮೇಡಂ,” ಎಂದಳು. “ನನಗೂ ಮಕ್ಕಳಿದ್ದಾರೆ. ಇನ್ನು ಕಾಯಲಾರೆ. ಏಜೆನ್ಸಿಯವರು ಯಾವ ದೇಶಕ್ಕೆ ಕಳಿಸಿದರೆ ಅಲ್ಲಿಗೆ ಹೋಗುತ್ತೇನೆ.” ಕೂಸಿಗೆ ಫೋನು ಕೊಡಲೇ ಎಂದೆ. ಬೇಡ ಎಂದಳು.

ಯಜಮಾನರು ಅಂಗಡಿಗೆ ಹೋಗಲಿಲ್ಲ. ಉಂಡ ತಾಟಿನ ಮುಂದೆಯೇ ಕುಳಿತು, “ಮಗಳಂದೆ. ತಪ್ಪೇನಂದೆ?” ಎಂದು ಎರಡು ಮೂರು ಸಲ ಕೇಳಿದರು. ತೆಗೆದಿಟ್ಟ ಉಡಿಯಕ್ಕಿಯನ್ನು ತಿರುಗಿ ಚೀಲಕ್ಕೆ ಸುರಿಯಬಾರದು, ಅದಕ್ಕೇ ಅತ್ತೆ ಮೊರವನ್ನು ಹಾಗೇ ದೇವರ ಕೋಣೆಗೆ ಒಯ್ದರು.

ಕೂಸಿಗೆ ನಾನೇ ಹೇಳಬೇಕಾಯಿತು. ಆತೆಯನ್ನು ಏರ್‌ಪೋರ್ಟಿನವರು ಅಲ್ಲೇ ನಿಲ್ಲಿಸಿಕೊಂಡಿದ್ದಾರೆ ಎಂದೆ.

ಅವಳು ಅಳಲಿಲ್ಲ. ನನ್ನ ಬಳೆಯನ್ನು ಒಂದು ಸುತ್ತು ತಿರುಗಿಸಿ ಕೇಳಿದಳು: “ಮಮ್ಮಿಯನ್ನೂ ಅವರೇ ನಿಲ್ಲಿಸಿಕೊಂಡಿದ್ದಾರಾ?”

ಸಂಜೆ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದಳು. ವಿಷಯ ಆಗಲೇ ಅವಳಿಗೆ ಮುಟ್ಟಿತ್ತು. ನನ್ನ ತೊಡೆಯ ಮೇಲೆ ಹಾಗೇ ನಿದ್ದೆಹೋಗಿದ್ದ ಕೂಸನ್ನೊಮ್ಮೆ ನೋಡಿ, ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

“ಬರಲಿಲ್ಲಂತಲ್ರೀ ಅಕ್ಕಾರ, ನಿಮ್ಮ ಕೆಲಸದಾಕಿ? ಹೋಗ್ಲಿ ಬಿಡ್ರಿ. ತಳಕಲ್ ಊರಿನಾಕಿ ಒಬ್ಬಾಕಿ ಅದಾಳ, ನಾಳೆನ ಕಳಸ್ತೀನಿ. ಭಾಂಡೇನೂ ಛಲೋ ತಿಕ್ಕತಾಳ.”