ಹಿಂದಿರುಗಿ ನೋಡದ ಆವಲಪ್ಪ

ದೊಡ್ಡಬಳ್ಳಾಪುರದ ಹೊರಗೆ, ಕೋರ್ಟು ಕಳಿಸಿದ ಹುಡುಗರನ್ನು ಇಟ್ಟುಕೊಳ್ಳುವ ಸಣ್ಣ ಆಶ್ರಮವೊಂದಿದೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿನ ಜಗಲಿಯಲ್ಲಿ ಆವಲಪ್ಪನವರು ಒಬ್ಬ ಹುಡುಗನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಾರೆ.

"ತಲೆ ಅಲ್ಲಾಡಿಸ್ಬೇಡ ಕಣೋ. ಮುತ್ಯಾಲಮ್ಮ ಮೊದಲು ನೋಡೋದು ನಿನ್ನ ತಲೇನೇ."

"ಹೊಡೀತಾಳಾ ಅಣ್ಣ?"

"ಹೊಡೆದ್ರೆ ಒಳ್ಳೇದೇ. ಮಾತಾಡ್ದೆ ಬಾಗಿಲು ಹಾಕ್ಕೊಂಡ್ರೆ ಕಷ್ಟ."

ಮೊನ್ನೆ ಮುಗಿದ ಮಹಾಯುದ್ಧದ ದಿನಗಳಲ್ಲಿ ಹಿತ್ತಾಳೆಗೆ ಬೆಲೆ ಏರಿತ್ತಲ್ಲ, ಆಗ ಈ ಹುಡುಗ ದೊಡ್ಡಬೆಳವಂಗಲದ ಪಕ್ಕದ ತನ್ನೂರಿನಲ್ಲಿ ಮುತ್ಯಾಲಮ್ಮನ ಬಿಂದಿಗೆ ಕದ್ದು ಮಾರಿದ. ಬಿಂದಿಗೆ ಸಿಕ್ಕಿತು, ಹುಡುಗ ಆಶ್ರಮ ಸೇರಿದ. ಈಗ ಅವಧಿ ಮುಗಿದಿದೆ. ಹೆತ್ತವರಿಲ್ಲ, ಇರುವವನು ದೊಡ್ಡಪ್ಪ ಗಂಗಣ್ಣ ಒಬ್ಬನೇ. ಅವನದು ಒಂದೇ ಮಾತು: "ಮುತ್ಯಾಲಮ್ಮ ಒಂದು ತುತ್ತು ಹಾಕ್ಲಿ, ಆಮೇಲೆ ನಾನೂ ಹಾಕ್ತೀನಿ. ಇಲ್ದಿದ್ರೆ ಊರೋರು ನನ್ನನ್ನೇ ಆಚೆ ನಿಲ್ಲಿಸ್ತಾರೆ."

ಪತ್ರಿಕೆಗೆ ಬರೆಯಲೆಂದು ನಾನು ಹುಡುಗನ ಹೆಸರು ಕೇಳಿದರೆ ಆವಲಪ್ಪನವರು ಕೈ ಅಡ್ಡ ಹಿಡಿಯುತ್ತಾರೆ. "ಬರೀಬೇಡಿ ಸ್ವಾಮಿ. ಅದೇ ಹೆಸರಲ್ಲಿ ಅವನಿಗೆ ಹೆಣ್ಣು ಕೇಳ್ಬೇಕು."

ಈ ಕೆಲಸಕ್ಕೆ ಬರುವ ಮುಂಚೆ ಅವರು ಜೈಲಿನಲ್ಲಿ ಕಾವಲಿನವರು. "ತೆಂಗಿನಕಾಯಿ ಕದ್ದ ಹುಡುಗ ಒಳಗೆ ಬರ್ತಿದ್ದ, ಬೀಗ ಮುರಿಯೋದು ಕಲಿತು ಆಚೆ ಹೋಗ್ತಿದ್ದ. ಇಸ್ಕೂಲಿಗೆ ಕಾವಲು ಕಾದಂಗಿತ್ತು ನಂದು," ಎಂದು ನಗುತ್ತಾರೆ. ಅದನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಇಲ್ಲಿಗೆ ಬಂದರು. ಹಗಲು ಹುಡುಗರಿಗೆ ಮಗ್ಗ ಕಲಿಸುತ್ತಾರೆ, ಸಂಜೆ ಒಬ್ಬೊಬ್ಬನನ್ನೇ ಪಕ್ಕಕ್ಕೆ ಕೂರಿಸಿಕೊಂಡು ಅವನ ಮಾತು ಕೇಳುತ್ತಾರೆ. ಇದುವರೆಗೆ ಅರವತ್ತಕ್ಕೂ ಮಿಕ್ಕಿದ ಹುಡುಗರನ್ನು ಊರು ಸೇರಿಸಿದ್ದಾರೆ.

ಸೇರಿಸುವ ರೀತಿ ಅವರದ್ದೇ. ಕದ್ದ ಮನೆಗೇ ಮೊದಲು ಹೋಗಬೇಕು, ಹಗಲಲ್ಲೇ ಹೋಗಬೇಕು, ಅಲ್ಲೇ ಉಣ್ಣಬೇಕು. "ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತಾರಲ್ಲ. ಉಂಡ ಮನೆಗೆ ಕೈ ಹಾಕಕ್ಕೆ ಎಂಥೋನಿಗೂ ಹಿಂಜರಿಕೆ," ಎನ್ನುತ್ತಾರೆ. ದಾರಿಯುದ್ದಕ್ಕೂ ಅವರು ಮುಂದೆ, ಹುಡುಗ ಹಿಂದೆ, ಒಮ್ಮೆಯೂ ತಿರುಗುವುದಿಲ್ಲ. "ಹಿಂದೆ ನಡೆದ್ರೆ ಪೋಲೀಸು, ಮುಂದೆ ನಡೆದ್ರೆ ಅಪ್ಪ."

ಯಾರೂ ಓಡಿಹೋಗಿಲ್ಲವೇ?

"ಓಡಿದ್ದಾರೆ. ತಿರುಗಿ ತಿರುಗಿ ನೋಡಿದ್ರೂ ಓಡ್ತಿದ್ರು. ನನಗೆ ಕತ್ತುನೋವು ಬೇರೆ."

ಬಿಸಿಲೇರುವ ಹೊತ್ತಿಗೆ ಮುತ್ಯಾಲಮ್ಮನ ಮನೆ ಮುಂದೆ ನಿಲ್ಲುತ್ತೇವೆ. ಗಂಗಣ್ಣ ಎದುರು ಜಗಲಿಯಲ್ಲಿ ಕೂತಿದ್ದಾನೆ. ಮುತ್ಯಾಲಮ್ಮ ಹೊಸ್ತಿಲು ಬಿಟ್ಟು ಕದಲುವುದಿಲ್ಲ.

"ಕಳ್ಳನಿಗೆ ಎಣ್ಣೆ ಹಚ್ಚಿ ಮದುವೆಗಂಡು ಮಾಡ್ಕೊಂಡು ಬಂದಿದ್ದೀಯಲ್ಲಪ್ಪಾ."

"ಹಸ್ದು ಬಂದಿದ್ದಾನೆ ತಾಯಿ."

"ನಮ್ಮನೇಲಿ ರಾಗಿ ರೇಷನ್ನು."

ಅವಳು ಒಳಗೆ ಹೋಗುತ್ತಾಳೆ. ಬಾಗಿಲು ಹಾಕುತ್ತಾಳೆಂದೇ ನನಗೆ ಅನಿಸುತ್ತದೆ. ಆದರೆ ಅವಳು ಹೊರಗೆ ಬರುವುದು ಅದೇ ಬಿಂದಿಗೆ ಹಿಡಿದುಕೊಂಡು. ಕಂಠದ ಹತ್ತಿರ ತಗ್ಗು ಬಿದ್ದಿದೆ. ಅದನ್ನು ಹುಡುಗನ ಕೈಗೇ ಕೊಡುತ್ತಾಳೆ.

"ಕುಡಿಯೋ ನೀರಿಲ್ಲ. ಬಾವಿಗೆ ಹೋಗಿ ತತ್ತಾ."

ಬಾವಿ ಊರಾಚೆ, ರಸ್ತೆಯ ಪಕ್ಕದಲ್ಲಿದೆ. ಹುಡುಗ ಹೊರಡುತ್ತಾನೆ. ಗಂಗಣ್ಣ ಎದ್ದು ಕತ್ತು ಚಾಚುತ್ತಾನೆ, ಮುತ್ಯಾಲಮ್ಮ ಬೀದಿಗೇ ಇಳಿಯುತ್ತಾಳೆ. ಆವಲಪ್ಪನವರು ಮಾತ್ರ ರಸ್ತೆಗೆ ಬೆನ್ನು ಹಾಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾರೆ. ಹಚ್ಚಿದ ಎಲೆಗೇ ಮತ್ತೆ ಹಚ್ಚುತ್ತಾರೆ. ಬಾಯಿ ಸುಡುವಷ್ಟು ಸುಣ್ಣ.

"ಬಂದ," ಎನ್ನುತ್ತಾನೆ ಗಂಗಣ್ಣ.

ಬಿಂದಿಗೆ ತುಂಬಿದೆ, ಹುಡುಗನ ಅಂಗಿ ತೊಯ್ದಿದೆ. ಮುತ್ಯಾಲಮ್ಮ ನೀರನ್ನೂ ನೋಡುತ್ತಾಳೆ, ಅವನನ್ನೂ ನೋಡುತ್ತಾಳೆ.

"ಕಾಲು ತೊಳ್ಕೊಂಡು ಬಾ. ಮುದ್ದೆ ಆರ್ತದೆ."

ವಾಪಸು ಬರುವಾಗ, ಇನ್ನೇನು ಆಸೆ ಎಂದು ಆವಲಪ್ಪನವರನ್ನು ಕೇಳುತ್ತೇನೆ.

"ಇವನ ಮದುವೆಗೆ ನನ್ನ ಕರೀಬಾರ್ದು ಸ್ವಾಮಿ. ನಾನು ಹೋದ್ರೆ, ಇವರು ಯಾರು, ಎಲ್ಲಿಯ ಪರಿಚಯ ಅಂತ ಬೀಗರು ಕೇಳ್ತಾರೆ. ಆ ದಿನ ಈ ರಸ್ತೇಲೆಲ್ಲಾದ್ರೂ ನಡ್ಕೊಂಡು ಹೋಗ್ತಿರೋವಾಗ ಓಲಗ ಕೇಳಿಸಿದ್ರೆ, ಅಷ್ಟೇ ಸಾಕು."