ದೊಡ್ಡವ್ವನ ನಶ್ಯದ ಗೂಡು

ದೊಡ್ಡವ್ವ ತೀರಿಕೊಂಡ ಮೇಲೆ ಅವಳ ಎಲೆಅಡಿಕೆ ಚೀಲ ನನ್ನ ಪಾಲಿಗೆ ಬಂತು. ಮೊನ್ನೆ ಒಗೆಯೋಣವೆಂದು ಕೊಡವಿದರೆ ಗಟ್ಟಿಯಾದ ಗೂಡೊಂದು ಕೆಳಗೆ ಬಿತ್ತು. ಪುಟ್ಟ ಮೊಟ್ಟೆಯಷ್ಟಿದೆ, ಬೂದುಬಣ್ಣ, ಒಂದು ತುದಿಯಲ್ಲಿ ತೂತು. ಮೂಸಿದೆ, ಸೀನು ಬಂತು. ನಶ್ಯದ ಘಾಟು ಅಷ್ಟು ಸುಲಭಕ್ಕೆ ಹೋಗುವುದಿಲ್ಲ ನೋಡಿ.

ಮೊಳಕಾಲ್ಮುರಿನ ರೇಷ್ಮೆ ನೀವು ಕಂಡಿರುತ್ತೀರಿ. ಈ ಗೂಡು ಆ ಹುಳದ ಕಾಡುನೆಂಟನದು. ಎಲಚಿ ಗಿಡದಲ್ಲಿ ಗೂಡು ಕಟ್ಟಿ, ಅಂಗೈಯಗಲದ ಪತಂಗವಾಗಿ ಹೊರಬರುತ್ತದೆ. ಒಂದೊಂದು ರೆಕ್ಕೆಗೂ ಒಂದೊಂದು ಕಣ್ಣು. ತೊಂಬತ್ತರ ದಶಕದಲ್ಲಿ ರಜೆಗೆಂದು ವರವು ಕಾವಲ್ ಹುಲ್ಲುಗಾವಲಿನ ಕಡೆಯ ದೊಡ್ಡವ್ವನ ಊರಿಗೆ ಹೋದರೆ, ದೀಪ ಹಚ್ಚುವ ಹೊತ್ತಿಗೆ ಗೋಡೆ ತುಂಬ ಪತಂಗ. ಹಸಿರು ಚುಕ್ಕೆಯವು, ತರಗೆಲೆಯಂತೆ ಮುದುರಿ ಕೂತವು. ನನಗೇನೂ ಹೆದರಿಕೆಯಿಲ್ಲ ಎನ್ನುತ್ತಲೇ ನಾನು ದುಪ್ಪಟಿಯೊಳಗೆ ಸೇರುತ್ತಿದ್ದೆ. ದೊಡ್ಡವ್ವ ಮಾತ್ರ ಪತಂಗ ಹಾರಿಹೋದ ಖಾಲಿ ಗೂಡು ಹುಡುಕಿ ತಂದು, ನಶ್ಯ ತುಂಬಿ, ಅರಿವೆಯ ಬಿರಡೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ತಗಡಿನ ಡಬ್ಬೀಲಿ ನಶ್ಯ ಬೆವರ್ತೈತೆ ಕಣೆ. ಇದು ಉಸಿರಾಡ್ತೈತೆ."

ಗುಡ್ಡದ ಮೇಲೆ ನೆಟ್ಟು ಬೆಳೆಸಿದ ನೀಲಗಿರಿ, ಕೆಳಗೆ ಕಾವಲಿನ ಹುಲ್ಲು, ನಡುವೆ ಶೇಂಗಾ ಹೊಲಗಳು. ಹಳ್ಳದ ದಂಡೆಯ ಎಲಚಿ ಪೊದೆಸಾಲೊಂದೇ ಗುಡ್ಡದಿಂದ ಕಾವಲಿನವರೆಗೆ ಪತಂಗಗಳಿಗಿದ್ದ ದಾರಿ.

ಶೇಂಗಾಕ್ಕೆ ಕಂಬಳಿಹುಳ ಬೀಳುತ್ತಿತ್ತು. ಮೊದಲ ಮಳೆಯಾದ ಮೇಲೆ ಮುಸ್ಸಂಜೆಗೆ ಎಲ್ಲರೂ ಬದುವಿನ ಮೇಲೆ ಬೆಂಕಿ ಹಾಕುತ್ತಿದ್ದರು, ಕಂಬಳಿಹುಳದ ಪತಂಗಗಳು ಬಂದು ಬೀಳಲಿ ಎಂದು. ಬೆಂಕಿಗೆ ಇವು ಬೇರೆ, ಅವು ಬೇರೆ ಎಂಬ ಭೇದವಿರಲಿಲ್ಲ. ಒಂದು ವರ್ಷ ಹುಳ ಬೆಳೆಯನ್ನೆಲ್ಲ ನುಂಗಿದಾಗ ದೊಡ್ಡಪ್ಪನ ಪಿತ್ತ ನೆತ್ತಿಗೇರಿತು.

"ಇವೆಲ್ಲ ಆ ಪೊದೇಲೇ ಹುಟ್ತಾವೆ. ಬುಡಸಮೇತ ಕೀಳ್ತೀನಿ" ಎಂದ.

"ಎಲಚಿ ಬಿಡ್ರಿ" ಎಂದಳು ದೊಡ್ಡವ್ವ.

"ನಿನ್ನ ನಶ್ಯಕ್ಕೆ ಪ್ಯಾಟೇಲಿ ಡಬ್ಬಿ ಸಿಗ್ತೈತೆ."

ಕಿತ್ತೇಬಿಟ್ಟ. ಮುಂದಿನ ಮಳೆಗೆ ಕಂಬಳಿಹುಳ ಎಂದಿನಂತೆ ಬಂತು. ಅದು ಅಡಗಿರುವುದು ಹೊಲದ ಮಣ್ಣಿನಲ್ಲೇ ಎಂದು ಆಮೇಲೆ ತಿಳಿಯಿತು. ಕಣ್ಣಿನ ಪತಂಗ ಮಾತ್ರ ಮತ್ತೆ ಬರಲಿಲ್ಲ. ದೊಡ್ಡಪ್ಪ ಚಳ್ಳಕೆರೆಯಿಂದ ಹೊಳೆಯುವ ಡಬ್ಬಿ ತಂದುಕೊಟ್ಟ. ದೊಡ್ಡವ್ವ ಅದರಲ್ಲಿ ಸೂಜಿ ದಾರ ಇಟ್ಟಳು. ಕೊನೆಯ ಗೂಡನ್ನೇ ಸಾಯುವವರೆಗೂ ಬಳಸಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ದೊಡ್ಡಪ್ಪ ಹಳ್ಳದ ದಂಡೆಯಲ್ಲಿ ಒಂದು ಎಲಚಿ ಬೆಳೆಸಿದ್ದಾನೆ. ಮಳೆಗಾಲ ಮುಗಿದರೆ ಕೊಂಬೆಗಳನ್ನು ಬಗ್ಗಿಸಿ ಹುಡುಕುತ್ತಾನೆ. "ಒಂದಾದ್ರೂ ಬರ್ಬೋದು ಕಣವ್ವ" ಎನ್ನುತ್ತಾನೆ.

ಈ ಗೂಡನ್ನು ಆ ಗಿಡಕ್ಕೆ ಕಟ್ಟಿ ಬಂದರೆ ಹೇಗೆ ಎಂದು ಒಂದು ಗಳಿಗೆ ಅನ್ನಿಸಿತು. ದೊಡ್ಡಪ್ಪನ ಕಣ್ಣು ಮಂಜಾಗಿದೆ, ನಂಬಿಯಾನು. ಆದರೆ ಮೂಗು ಚುರುಕಾಗಿಯೇ ಇದೆ. ಹತ್ತಿರ ಹಿಡಿದರೆ ಇದು ಯಾರದೆಂದು ಗೊತ್ತಾಗಿಬಿಡುತ್ತದೆ.

ಚೀಲ ಒಗೆಯಲಿಲ್ಲ. ಗೂಡನ್ನು ಅದರೊಳಗೇ ಇಟ್ಟು ಬಾಯಿ ಕಟ್ಟಿದೆ.